ಒಂದೇ ಗುಚ್ಛದಲ್ಲಿ ಹಲ್ಲಿರುವ ಬಟ್ಟಲು, ಹಲ್ಲಿಲ್ಲದ ಬಟ್ಟಲು: ಬಾಟಲಿಗೆ ಯಾವ ಹೆಸರು ಬರೆಯಲಿ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ಡಿಸೆಂಬರಿನಲ್ಲಿ ಬಿ.ಎಸ್ಸಿ. ಮಕ್ಕಳನ್ನು ಕಾರವಾರಕ್ಕೆ ಟೂರ್ ಕರೆದುಕೊಂಡು ಹೋಗಿದ್ದೆ. ಧಕ್ಕೆಯಲ್ಲಿ ಬೋಟು ಕಟ್ಟುವ ಹಳೆಯ ಹಗ್ಗಕ್ಕೆ ಕಂದು ಬಣ್ಣದ, ಪಾಚಿಯಂಥ ಗುಚ್ಛ ಹತ್ತಿಕೊಂಡಿತ್ತು. ಒಂದು ಹಿಡಿ ಕಿತ್ತು ಫಾರ್ಮಲಿನ್‌ನಲ್ಲಿ ಹಾಕಿ ತಂದೆವು. ಲ್ಯಾಬಿನಲ್ಲಿ ನೋಡಿದರೆ ಒಬೀಲಿಯ (ಗಿಡದ ಹಾಗೆ ಕವಲೊಡೆದು ಗುಂಪಾಗಿ ಬದುಕುವ ಪುಟ್ಟ ಸಮುದ್ರಪ್ರಾಣಿ) ಅನ್ನಿಸಿತು. ಆದರೆ ಕವಲುಗಳ ಮೇಲಿನ ಪುಟ್ಟ ಬಟ್ಟಲುಗಳಲ್ಲಿ ಕೆಲವದರ ಅಂಚು ನುಣುಪು, ಕೆಲವಕ್ಕೆ ಗರಗಸದ ಹಾಗೆ ಹಲ್ಲು. ನಮ್ಮ ಹಳೆಯ ಸ್ಲೈಡಿನ ಒಬೀಲಿಯಕ್ಕೆ ಹಲ್ಲಿಲ್ಲ. ಫೋನಿನ ಆ್ಯಪ್ 'ಒಬೀಲಿಯ ಜೆನಿಕ್ಯುಲೇಟ' ಎಂದಿತು. ಹಿರಿಯ ಸಹೋದ್ಯೋಗಿಯೊಬ್ಬರು 'ಅದೆಲ್ಲ ವೇರಿಯೇಶನ್, ಸುಮ್ನೆ ಒಬೀಲಿಯ ಅಂತ ಬರೆಯಿರಿ' ಎನ್ನುತ್ತಾರೆ. ಒಬ್ಬ ವಿದ್ಯಾರ್ಥಿನಿ 'ಇದು ಕ್ಲೈಟಿಯ' (ಒಬೀಲಿಯದ ಹತ್ತಿರದ ಇನ್ನೊಂದು ಕುಲ) ಎಂದು ಹಟ ಹಿಡಿದಿದ್ದಾಳೆ. ಡಿಎನ್‌ಎ ಪರೀಕ್ಷೆ ಮಾಡಿಸಿದರೆ ತೀರ್ಮಾನವಾಗುತ್ತದೆಯೇ? ಮ್ಯೂಸಿಯಂ ಬಾಟಲಿಯ ಲೇಬಲ್ ಮೇಲೆ ಏನು ಬರೆಯಲಿ? ಆರು ಫೋಟೋ ಕಳಿಸಿದ್ದೇನೆ.

ಉತ್ತರ: ಮೇಷ್ಟ್ರೇ, ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ವಿದ್ಯಾರ್ಥಿನಿ ಅರ್ಧ ಸರಿ, ನೀವೂ ಅರ್ಧ ಸರಿ. ನಿಮ್ಮ ಹಿರಿಯರು ಪೂರ್ತಿ ತಪ್ಪೇನಲ್ಲ. ಆ್ಯಪ್ ಮಾತ್ರ ಊಹೆ ಹೊಡೆದಿದೆ.

ನಿಮ್ಮ ಪ್ರಶ್ನೆಯಲ್ಲಿ ಎರಡು ಚಿಂತೆ ಕಲೆತುಹೋಗಿವೆ. ಹಲ್ಲಿರುವ ಬಟ್ಟಲು, ಹಲ್ಲಿಲ್ಲದ ಬಟ್ಟಲು ಎರಡೂ ಒಂದೇ ಪ್ರಾಣಿಯವೇ ಅನ್ನುವುದು ಒಂದು. ಲೇಬಲ್ ಮೇಲೆ ಎರಡು ಪದದ ಪೂರ್ತಿ ಹೆಸರು ಇರಲೇಬೇಕೇ ಅನ್ನುವುದು ಇನ್ನೊಂದು. ಮೊದಲನೆಯದನ್ನು ನಿಮ್ಮ ಲ್ಯಾಬಿನ ಮೈಕ್ರೋಸ್ಕೋಪಿನಲ್ಲೇ ಒಂದು ಮಧ್ಯಾಹ್ನ ಕೂತು ಬಗೆಹರಿಸಬಹುದು. ಎರಡನೆಯದು ನೀವು ಧಕ್ಕೆಯಲ್ಲಿ ಏನನ್ನು ಕಿತ್ತಿರಿ, ಹೇಗೆ ತಂದಿರಿ ಅನ್ನುವುದರಲ್ಲೇ ಬಹುಪಾಲು ತೀರ್ಮಾನವಾಗಿ ಹೋಗಿದೆ.

ಸಮುದ್ರವೇ ಇಲ್ಲದ ಈ ಊರಿನಲ್ಲಿ ಒಬೀಲಿಯದಷ್ಟು ಪರಿಚಿತವಾದ ಸಮುದ್ರಜೀವಿ ಇನ್ನೊಂದಿಲ್ಲ. ಪ್ರಾಣಿಶಾಸ್ತ್ರ ಓದಿದ ಯಾರನ್ನು ಬೇಕಾದರೂ ಕೇಳಿ, ರೆಕಾರ್ಡ್ ಪುಸ್ತಕದಲ್ಲಿ ಎಚ್‌ಬಿ ಪೆನ್ಸಿಲಿನಿಂದ ಅದರ ಚಿತ್ರ ಬರೆದೇ ಇರುತ್ತಾರೆ. ಒಂದು ಕಾಂಡ, ಎಡಬಲಕ್ಕೆ ಬಟ್ಟಲು, ಬಟ್ಟಲಲ್ಲಿ ಪಾಲಿಪ್ ಎಂಬ ಹೂವಿನಂಥ ಪುಟ್ಟ ದೇಹ, ಸಂದಿಯಲ್ಲಿ ಒಂದು ಬುಡ್ಡಿ. ತೊಂದರೆ ಶುರುವಾಗುವುದೂ ಇಲ್ಲಿಂದಲೇ. ಆ ಚಿತ್ರ ಒಂದು ಪ್ರಭೇದದ್ದಲ್ಲ. ಡಜನ್‌ಗಟ್ಟಲೆ ಪ್ರಭೇದಗಳು ಅದರೊಳಗೆ ಆರಾಮಾಗಿ ಹಿಡಿಸುತ್ತವೆ.

ಪಾಚಿಯಂಥ ಗುಚ್ಛ ಎಂದಿರಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಜಾನ್ ಎಲ್ಲಿಸ್ ಎಂಬ ಇಂಗ್ಲಿಷ್ ವ್ಯಾಪಾರಿ 1755ರಲ್ಲಿ ಪುಸ್ತಕ ಬರೆದು, ಇಂಥವೆಲ್ಲ ಗಿಡಗಳಲ್ಲ, ಪ್ರಾಣಿಗಳು ಎಂದು ಚಿತ್ರ ಸಮೇತ ತೋರಿಸಿದ. ಅಲ್ಲಿಯವರೆಗೆ ಇವು ಕಡಲಗಿಡಗಳೆಂದೇ ಹೆಚ್ಚಿನವರು ನಂಬಿದ್ದರು. ಈಗಲೂ ಬೋಟಿನವರು ಹಗ್ಗ ಉಜ್ಜುವಾಗ ಪಾಚಿ ಅಂತಲೇ ಬೈಯುವುದು.

ಹೈಡ್ರಾಯ್ಡ್, ಅಂದರೆ ಒಬೀಲಿಯದಂಥ ಪಾಲಿಪ್ ಪ್ರಾಣಿ, ಕೈಗೆ ಬಂದಾಗ ನಾವು ಕೇಳುವ ಮೊದಲ ಪ್ರಶ್ನೆ ಇಷ್ಟೇ: ಪಾಲಿಪ್ ಮುದುಡಿಕೊಂಡಾಗ ಒಳಗೆ ಅಡಗಲು ಬಟ್ಟಲಿದೆಯೋ ಇಲ್ಲವೋ? ಇಲ್ಲದಿದ್ದರೆ ಅದು ಆಂಥೊಅಥಿಕೇಟ ಗುಂಪು. ಹಕ್ಕಿಗರಿಯ ಹಾಗೆ ಕವಲೊಡೆಯುವ ಪೆನ್ನೇರಿಯ ಇದರಲ್ಲಿ ಬರುತ್ತದೆ. ನಮ್ಮ ಬಂದರುಗಳಲ್ಲಿ ಬೇಕಾದಷ್ಟಿದೆ. ಅದರ ಪಾಲಿಪ್‌ನ ಬುಡದಲ್ಲಿ ದಾರದಂಥ ಟೆಂಟಕಲ್‌ಗಳು (ಬೇಟೆ ಹಿಡಿಯುವ ಎಳೆಗಳು), ಮೇಲುಗಡೆ ಗುಂಡುಸೂಜಿಯ ತಲೆಯಂಥ ಟೆಂಟಕಲ್‌ಗಳು. ಒಮ್ಮೆ ನೋಡಿದರೆ ಮರೆಯುವುದಿಲ್ಲ. ಬಟ್ಟಲಿದ್ದರೆ ಲೆಪ್ಟೊಥಿಕೇಟ. ಬಟ್ಟಲು ತೊಟ್ಟಿಲ್ಲದೆ ನೇರ ಕಾಂಡಕ್ಕೆ ಅಂಟಿದ್ದರೆ ಸರ್ಟುಲೇರಿಯ ಕಡೆಯವು. ದೊಡ್ಡ ಬಟ್ಟಲುಗಳ ಪಕ್ಕ ಪುಟಾಣಿ ಕಾವಲು ಬಟ್ಟಲುಗಳೂ ಇದ್ದರೆ ಪ್ಲುಮುಲೇರಿಯ ಕಡೆಯವು. ಆ ಕಡೆಯವರ ಬಗ್ಗೆ ಒಂದು ಎಚ್ಚರಿಕೆ: ಮ್ಯಾಕ್ರೊರಿಂಕಿಯ ಅನ್ನುವ ಗರಿಯಂಥದ್ದು ಚೆನ್ನಾಗಿ ಕುಟುಕುತ್ತದೆ, ಚರ್ಮ ಬೊಬ್ಬೆ ಬರುತ್ತದೆ. ಬರಿಗೈಯಲ್ಲಿ ಮಕ್ಕಳು ಹಿಡಿ ಹಿಡಿ ಕೀಳುವುದು ಬೇಡ.

ನಿಮ್ಮದು ಇವು ಯಾವುದೂ ಅಲ್ಲ. ಗಂಟೆಯಾಕಾರದ ಬಟ್ಟಲು, ಬಳೆ ಬಳೆಯಾದ ತೊಟ್ಟು. ಅಂದರೆ ಕ್ಯಾಂಪನುಲೇರಿಯ ಮನೆತನ ಮತ್ತು ಅದರ ಹತ್ತಿರದ ನೆಂಟರು: ಒಬೀಲಿಯ, ಕ್ಲೈಟಿಯ, ಲಾವೊಮೆಡಿಯ, ಗೊನೊಥೈರಿಯ, ಕ್ಯಾಂಪನುಲೇರಿಯ. ಒಂದೇ ಲೇಔಟಿನಲ್ಲಿ ಒಬ್ಬನೇ ಮೇಸ್ತ್ರಿ ಕಟ್ಟಿದ ತರ್ಟಿ-ಫಾರ್ಟಿ ಸೈಟಿನ ಮನೆಗಳಿರುತ್ತವಲ್ಲ, ಹಾಗೆ ಇವು. ಬೀದಿಯಿಂದ ನೋಡಿದರೆ ಎಲ್ಲ ಒಂದೇ. ಒಳಗೆ ಯಾರಿದ್ದಾರೆ, ಮಕ್ಕಳು ಹೇಗಿದ್ದಾರೆ ಅಂತ ನೋಡಿದಾಗಲೇ ವ್ಯತ್ಯಾಸ ಗೊತ್ತಾಗುವುದು. ಇಲ್ಲೂ ಮಕ್ಕಳ ಮೇಲೆಯೇ ಹೆಸರು ನಿಂತಿದೆ. ಅದಕ್ಕೆ ಆಮೇಲೆ ಬರೋಣ, ಮೊದಲು ಹಲ್ಲು.

'ಹಲ್ಲಿದ್ದರೆ ಕ್ಲೈಟಿಯ, ನುಣುಪಿದ್ದರೆ ಒಬೀಲಿಯ' ಅನ್ನುವ ಸೂತ್ರ ಪರೀಕ್ಷೆಗೆ ಓದುವವರ ನಡುವೆ ಓಡಾಡುತ್ತದೆ. ನಿಮ್ಮ ವಿದ್ಯಾರ್ಥಿನಿ ಅದನ್ನೇ ಹಿಡಿದಿರಬೇಕು. ಸೂತ್ರದಲ್ಲಿ ಸತ್ಯಾಂಶವಿದೆ, ಆದರೆ ಅದನ್ನೊಂದೇ ನಂಬಿದರೆ ಮುಗ್ಗರಿಸುತ್ತೀರಿ. 1875ರಲ್ಲಿ ಕ್ಲಾರ್ಕ್ ಹೆಸರಿಟ್ಟ ಒಬೀಲಿಯ ಬೈಡೆಂಟೇಟ ಅನ್ನುವುದಕ್ಕೆ ಚೊಕ್ಕ ಹಲ್ಲುಗಳಿವೆ, ಅದೂ ಪ್ರತಿ ಹಲ್ಲಿಗೂ ಎರಡೆರಡು ಮೊನೆ. ಬಟ್ಟಲೂ ಉದ್ದ, ಆಳ. ಬಿಸಿ ಸಮುದ್ರಗಳ ಬಂದರು, ಅಳಿವೆಗಳಲ್ಲಿ ಇದು ಇರುತ್ತದೆ. ಹಾಗಾಗಿ ಹಲ್ಲು ಕಂಡ ಕೂಡಲೇ ಒಬೀಲಿಯವನ್ನು ಪಟ್ಟಿಯಿಂದ ಹೊಡೆದು ಹಾಕುವಂತಿಲ್ಲ.

ನುಣುಪಿನ ಕಥೆ ಇನ್ನೂ ಮೋಸ. ದೂರದ ಬೆಟ್ಟ ನುಣ್ಣಗೆ ಅನ್ನುತ್ತೇವಲ್ಲ, ಲೋ ಪವರ್ ಕೂಡ ದೂರದ ಬೆಟ್ಟವೇ. ಬಟ್ಟಲಿನ ಅಂಚು ಬುಡದ ಗೋಡೆಗಿಂತ ಎಷ್ಟೋ ತೆಳು. ಬೆಳಕು ಜಾಸ್ತಿಯಾದರೆ ಹಲ್ಲು ಮಾಯ. ಅಂಚು ಒಳಕ್ಕೆ ಮಡಚಿಕೊಂಡರೂ ಮಾಯ. ಅಲೆಯ ಹೊಡೆತಕ್ಕೆ ಸವೆದರೂ ಅಷ್ಟೇ. ಕವರ್‌ಸ್ಲಿಪ್ ಇಟ್ಟು ಒತ್ತಿದರೆ ನಾವೇ ಮುರಿದು ಹಾಕಿರುತ್ತೇವೆ. ಕೊಂಡು ತಂದ ಹಳೆಯ ಸ್ಲೈಡುಗಳಲ್ಲಿ ಇದೇ ಆಗಿರುತ್ತದೆ: ಚೆನ್ನಾಗಿ ಬಣ್ಣ ಹಾಕಿ, ಚಪ್ಪಟೆ ಮಾಡಿ, ಅಂಚು ಅಪ್ಪಚ್ಚಿ.

ಹಾಗಾಗಿ ಹೀಗೆ ಮಾಡಿ ನೋಡಿ. ಒಂದು ಚಿಕ್ಕ ಕವಲನ್ನು ಗ್ಲಿಸರಿನ್ ಹನಿಯಲ್ಲಿಡಿ. ಕವರ್‌ಸ್ಲಿಪ್‌ನ ಕೆಳಗೆ ಎರಡು ಕಡೆ ಮುರಿದ ಗಾಜಿನ ಚೂರು ಇಟ್ಟು ಎತ್ತರ ಕೊಡಿ, ಬಟ್ಟಲು ಒತ್ತಿಹೋಗಬಾರದು. ಮೈಕ್ರೋಸ್ಕೋಪಿನ ಕಂಡೆನ್ಸರ್ ಕೆಳಗಿನ ಐರಿಸ್ ಅನ್ನು ಸಾಕಷ್ಟು ಮುಚ್ಚಿ. ಬೆಳಕು ಕಡಿಮೆಯಾದ ಹಾಗೆ ಅಂಚು ಎದ್ದು ಕಾಣುತ್ತದೆ. ಕ್ಲೋರಜೋಲ್ ಬ್ಲ್ಯಾಕ್ ಸಿಕ್ಕರೆ ಒಂದು ತೊಟ್ಟು ಹಾಕಿ, ಅದು ಕೈಟಿನ್ ಗೋಡೆಗೆ ಚೆನ್ನಾಗಿ ಹತ್ತುತ್ತದೆ. ಕೊನೆಗೆ ಸೂಜಿಯಿಂದ ಬಟ್ಟಲನ್ನು ನಿಧಾನ ಉರುಳಿಸಿ. ಬದಿಯಿಂದ ನುಣುಪಾಗಿ ಕಂಡದ್ದು ಬಾಯಿ ಕಡೆಯಿಂದ ಬಹುಭುಜದ ಹಾಗೆ ಕಂಡರೆ ಆಶ್ಚರ್ಯಪಡಬೇಡಿ. ಕನಿಷ್ಠ ಹತ್ತು ಬಟ್ಟಲು ನೋಡಿ, ಅದರಲ್ಲೂ ಕವಲಿನ ತುದಿಯ ಎಳೆಯ ಬಟ್ಟಲುಗಳನ್ನು. ಅವು ಇನ್ನೂ ಸವೆದಿರುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ, ನಿಮ್ಮ ಮೂರನೇ ಫೋಟೋ. ಕಾಫಿ ಲೋಟ ಕೆಳಗಿಟ್ಟು ಎರಡು ಸಲ ನೋಡಿದ್ದು ಅದನ್ನೇ. ಅದರಲ್ಲಿ ಕವಲೊಡೆದ ದಪ್ಪ ಕಾಂಡವೊಂದಿದೆ, ಅದರ ಬಟ್ಟಲುಗಳು ನುಣುಪು. ಹಲ್ಲಿರುವ ಬಟ್ಟಲು ಬಲಗಡೆ ಇದೆ. ಅದರ ತೊಟ್ಟು ಉದ್ದ. ಮೇಲೆ ನಾಲ್ಕು ಬಳೆ, ಕೆಳಗೆ ನಾಲ್ಕು ಬಳೆ, ನಡುವೆ ಸಪಾಟು. ಆ ತೊಟ್ಟು ಎಲ್ಲಿಂದ ಎದ್ದಿದೆ ನೋಡಿ. ಕಾಂಡದಿಂದ ಎದ್ದಿಲ್ಲ! ಕಾಂಡದ ಮೇಲೆ ಬಳ್ಳಿಯ ಹಾಗೆ ಹಬ್ಬಿದ ಒಂದು ಸಣ್ಣ ನೂಲಿದೆ, ಅದರಿಂದ ಎದ್ದಿದೆ.

ಅಂದರೆ ನಿಮ್ಮ ಬಾಟಲಿಯಲ್ಲಿ ಎರಡು ಪ್ರಾಣಿಗಳಿವೆ. ಕಾಂಡ ಒಬೀಲಿಯದ್ದು, ಅದರ ಮೇಲೆ ಹಬ್ಬಿದ್ದು ಬಹುಶಃ ಕ್ಲೈಟಿಯ. ಹೈಡ್ರಾಯ್ಡ್ ಮೇಲೆ ಹೈಡ್ರಾಯ್ಡ್ ಬಾಡಿಗೆಗೆ ಕೂರುವುದು ತೀರಾ ಸಾಮಾನ್ಯ. ಕ್ಲೈಟಿಯ ಪಾಚಿ, ಚಿಪ್ಪು, ಏಡಿಯ ಬೆನ್ನು ಯಾವುದನ್ನೂ ಬಿಡುವುದಿಲ್ಲ. ಖಚಿತ ಮಾಡಿಕೊಳ್ಳಲು ಹಲ್ಲಿನ ಬಟ್ಟಲಿಂದ ಶುರುಮಾಡಿ ತೊಟ್ಟು ಹಿಡಿದು ಕೆಳಕ್ಕೆ ಇಳಿಯಿರಿ. ಒಳಗಿನ ಮಾಂಸದ ನೂಲು ಕಾಂಡದ ಮಾಂಸದ ಜೊತೆ ಕೂಡಿಕೊಂಡಿದ್ದರೆ ಅದು ಅದೇ ಪ್ರಾಣಿ. ಆಗ ನಿಮ್ಮ ಹಿರಿಯರ 'ವೇರಿಯೇಶನ್' ಮಾತಿಗೆ ಬೆಲೆ ಬರುತ್ತದೆ, ಬೈಡೆಂಟೇಟವನ್ನೂ ನೆನಪಿಸಿಕೊಳ್ಳಬೇಕಾಗುತ್ತದೆ. ಕೂಡದೆ ಮೇಲೆ ಮೇಲೆ ತೆವಳಿಕೊಂಡು ಹೋಗಿದ್ದರೆ ಅದು ಬಾಡಿಗೆದಾರ. ಎಲ್ಲ ಹಲ್ಲಿನ ಬಟ್ಟಲುಗಳಿಗೂ ಹೀಗೆ ಬುಡ ಹುಡುಕಿ, ಒಂದಕ್ಕೆ ನಿಲ್ಲಿಸಬೇಡಿ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಕಲಿಯುವ ದಿನಗಳಲ್ಲಿ ಇಂಥದ್ದೇ ಗುಚ್ಛವನ್ನು ನಾನು ಒಂದೇ ಪ್ರಾಣಿ ಎಂದುಕೊಂಡು, ಹಲ್ಲಿರುವ-ಇಲ್ಲದ ಬಟ್ಟಲುಗಳನ್ನು ಎಣಿಸಿ, ಸರಾಸರಿ ತೆಗೆದು, ಗ್ರಾಫ್ ಕೂಡ ಬರೆದಿದ್ದೆ. 'ಅಂಚಿನ ಏರಿಳಿತ' ಅಂತ ಒಂದು ಅಧ್ಯಾಯವೇ ಆಗಿತ್ತು. ನೋಡಿದವರೊಬ್ಬರು ಕೇಳಿದ್ದು ಒಂದೇ ಮಾತು: 'ಬುಡ ನೋಡಿದೆಯೇನಮ್ಮಾ?' ಆ ಅಧ್ಯಾಯ ಹೋಯಿತು.

ಈಗ ನುಣುಪು ಅಂಚಿನ ಕಾಂಡಕ್ಕೆ ಬರೋಣ. ಒಬೀಲಿಯ ಅಂತಾದರೆ ಯಾವ ಒಬೀಲಿಯ?

ಆ್ಯಪ್ ಜೆನಿಕ್ಯುಲೇಟ ಅನ್ನಲು ಕಾರಣ ಸರಳ. ಅದು ಎಲ್ಲೆಲ್ಲಿಂದಲೋ ಬಂದ ಫೋಟೋಗಳ ಒಟ್ಟಾರೆ ಆಕಾರ ನೋಡಿ ಹೆಸರು ಹೇಳುತ್ತದೆ, ಬಟ್ಟಲ ಅಂಚು ಅದಕ್ಕೆ ಕಾಣುವುದೇ ಇಲ್ಲ. ನಮ್ಮ ಪಠ್ಯಪುಸ್ತಕಗಳಲ್ಲೂ ಹೆಚ್ಚಾಗಿ ಕಾಣುವ ಹೆಸರು ಅದೇ. ನಿಜವಾದ ಜೆನಿಕ್ಯುಲೇಟಕ್ಕೆ ಒಂದು ಗಟ್ಟಿ ಗುರುತಿದೆ. ಕಾಂಡ ಅಂಕುಡೊಂಕಾಗಿ ಹೋಗುತ್ತದೆ, ಪ್ರತಿ ಗೆಣ್ಣಿನಲ್ಲಿ, ಬಟ್ಟಲಿನ ತೊಟ್ಟು ಕೂರುವ ಕಡೆ, ಹೊರಕವಚ ಒಂದು ಪಕ್ಕಕ್ಕೆ ಮಾತ್ರ ದಪ್ಪವಾಗಿ ಚಾಚಿಕೊಂಡಿರುತ್ತದೆ. ಮೊಣಕಾಲಿನ ಚಿಪ್ಪಿನ ಹಾಗೆ ಅನ್ನಿ. ಹೆಸರಿನಲ್ಲೂ ಆ ಮೊಣಕಾಲೇ ಇದೆ. ಹೆಚ್ಚಾಗಿ ಕವಲೊಡೆಯುವುದಿಲ್ಲ. ತಂಪು ಸಮುದ್ರಗಳಲ್ಲಿ ಕೆಲ್ಪ್ ಎಂಬ ದೊಡ್ಡ ಕಂದು ಪಾಚಿಯ ಪಟ್ಟಿಗಳ ಮೇಲೆ ಸಾಲುಸಾಲಾಗಿ ನಿಂತಿರುತ್ತದೆ. ನಿಮ್ಮ ಫೋಟೋದ ಕಾಂಡದಲ್ಲಿ ಎರಡೂ ಪಕ್ಕದ ಕವಚ ಸಮ ಇದೆ, ಕವಲೂ ಧಾರಾಳ ಇದೆ. ಹಾಗಾಗಿ ಜೆನಿಕ್ಯುಲೇಟ ಅಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಅಂದ ಹಾಗೆ ನಿಮ್ಮ ಹಳೆಯ ಸ್ಲೈಡಿನ ಕಾಂಡವನ್ನೂ ಒಮ್ಮೆ ಈ ಕಣ್ಣಿಂದ ನೋಡಿ. ಲೇಬಲ್‌ನಲ್ಲಿ ಜೆನಿಕ್ಯುಲೇಟ ಎಂದಿದ್ದು ಮೊಣಕಾಲು ಮಾತ್ರ ಇಲ್ಲದ ಸ್ಲೈಡುಗಳು ನನಗೆ ಬಹಳ ಸಿಕ್ಕಿವೆ.

ಉಳಿದದ್ದು ಡೈಕೋಟೋಮ ಮತ್ತು ಲಾಂಗಿಸ್ಸಿಮ. ಇವೆರಡರ ಜಗಳ ಹಳೆಯದು. ಡೈಕೋಟೋಮಕ್ಕೆ ಲಿನೇಯಸ್ 1758ರಲ್ಲಿ ಹೆಸರಿಟ್ಟ, ಲಾಂಗಿಸ್ಸಿಮಕ್ಕೆ ಪಲ್ಲಾಸ್ 1766ರಲ್ಲಿ. ಆಮೇಲೆ ಸಿಕ್ಕಸಿಕ್ಕವರೆಲ್ಲ ಹೊಸ ಒಬೀಲಿಯ ಹೆಸರು ಇಡುತ್ತಾ ಹೋದರು. ಉದ್ದ ಇದ್ದರೆ ಒಂದು, ಗಿಡ್ಡ ಇದ್ದರೆ ಒಂದು. 1975ರಲ್ಲಿ ಲಂಡನ್ನಿನ ಮ್ಯೂಸಿಯಂನಲ್ಲಿದ್ದ ಪಾಲ್ ಕಾರ್ನೀಲಿಯಸ್ ಇಡೀ ಕುಲವನ್ನು ಗುಡಿಸಿ, ಮೂರೇ ಪ್ರಭೇದ ಉಳಿಸಿದರು: ಬೈಡೆಂಟೇಟ, ಡೈಕೋಟೋಮ, ಜೆನಿಕ್ಯುಲೇಟ. ಲಾಂಗಿಸ್ಸಿಮ ಡೈಕೋಟೋಮದೊಳಗೆ ಸೇರಿಹೋಯಿತು. ಅದೇ ಕಾರ್ನೀಲಿಯಸ್ 1990ರಲ್ಲಿ ಇನ್ನೊಮ್ಮೆ ನೋಡಿ, ಇಲ್ಲ, ಲಾಂಗಿಸ್ಸಿಮ ಬೇರೆಯೇ ಎಂದು ವಾಪಸ್ ತೆಗೆದರು. ಒಬ್ಬ ತಜ್ಞ ತನ್ನದೇ ತೀರ್ಪನ್ನು ಹದಿನೈದು ವರ್ಷದಲ್ಲಿ ತಿದ್ದಿಕೊಂಡದ್ದು ನನಗೆ ತುಂಬ ಇಷ್ಟವಾದ ಸಂಗತಿ. ಲಾಂಗಿಸ್ಸಿಮಕ್ಕೆ ಎದ್ದು ಕಾಣುವ ಒಂದು ನಡುಕಾಂಡವಿದ್ದು ಅಡಿ ಉದ್ದದವರೆಗೂ ಬೆಳೆಯಬಲ್ಲದು. ಹಳೆಯ ಕಾಂಡ ಕಪ್ಪಾಗುತ್ತದೆ, ಅಂಚಿನಲ್ಲಿ ಮೊಂಡು ಏರಿಳಿತ ಇರುತ್ತದೆ. ಡೈಕೋಟೋಮ ಗಿಡ್ಡ, ಕವಲು ಅಡ್ಡಾದಿಡ್ಡಿ. ಎಳೆಯ ಲಾಂಗಿಸ್ಸಿಮವೂ ಗಿಡ್ಡವೇ ಅಲ್ವಾ? ಅಲ್ಲಿಗೆ ಸಮಸ್ಯೆ ಅರ್ಥವಾಗಿರಬೇಕು.

ಗಿಡ್ಡ-ಉದ್ದದ ಮೇಲೆ ಪ್ರಭೇದ ಹೇಳಬಾರದು ಅನ್ನಲು ಕಾರಣ ಈ ಪ್ರಾಣಿಯ ಬದುಕಿನಲ್ಲೇ ಇದೆ. ಇದು ಒಂದು ದೇಹವಲ್ಲ, ಕಾಲೊನಿ. ಒಂದು ಪಾಲಿಪ್ ಕೆಲವೇ ದಿನ ಬದುಕುತ್ತದೆ. ಆಮೇಲೆ ಅದರ ಮಾಂಸ ಕರಗಿ ಕಾಂಡಕ್ಕೆ ವಾಪಸ್ ಹೋಗಿ, ಅದೇ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆ. ಊಟ ಚೆನ್ನಾಗಿ ಸಿಕ್ಕರೆ ಕವಲು ಜಾಸ್ತಿ, ಸಿಗದಿದ್ದರೆ ಬರೀ ನೂಲು. ನೀರು ಜೋರಾಗಿ ಹರಿಯುವಲ್ಲಿ ಕುಳ್ಳಗೆ ಗಟ್ಟಿಯಾಗಿ, ಶಾಂತ ನೀರಿನಲ್ಲಿ ಸಪೂರ ಉದ್ದವಾಗಿ ಬೆಳೆಯಬಹುದು. ಮುರಿದರೆ ತುದಿಯಿಂದ ಮತ್ತೆ ಶುರು, ಆಗ ಬಳೆಗಳು ಹೆಚ್ಚುತ್ತವೆ. ಹಾಗಾಗಿ ಎತ್ತರ, ಬಣ್ಣ, ತೊಟ್ಟಿನ ಬಳೆಗಳ ಸಂಖ್ಯೆ, ಟೆಂಟಕಲ್ ಸಂಖ್ಯೆ ಇವನ್ನೆಲ್ಲ ಬರೆದಿಟ್ಟುಕೊಳ್ಳಿ, ಆದರೆ ಅವುಗಳ ಮೇಲೆ ಹೆಸರು ಕಟ್ಟಬೇಡಿ. ನಿಮ್ಮ ಹಿರಿಯರ ಮಾತು ಸರಿಯಾಗುವುದು ಇಲ್ಲಿ.

ಹಾಗಾದರೆ ನಂಬಬೇಕಾದ್ದು ಯಾವುದನ್ನು? ಬಟ್ಟಲ ತಳವನ್ನು ಸ್ವಲ್ಪ ನಂಬಬಹುದು. ಒಬೀಲಿಯ, ಕ್ಲೈಟಿಯಗಳಲ್ಲಿ ತಳದ ಹತ್ತಿರ ತೆಳುವಾದ ಅಡ್ಡಪರದೆ ಇರುತ್ತದೆ. ಕ್ಯಾಂಪನುಲೇರಿಯದಲ್ಲಿ ಪರದೆಯ ಬದಲು ಗೋಡೆಯೇ ಉಂಗುರದ ಹಾಗೆ ದಪ್ಪವಾಗಿ, ಕೆಳಗೆ ಒಂದು ಮಣಿಯಂಥ ಗುಂಡು ಇರುತ್ತದೆ. ಎಲ್ಲಕ್ಕಿಂತ ಜಾಸ್ತಿ ನಂಬಬೇಕಾದ್ದು ಗೋನೋಥೀಕಾ, ಅಂದರೆ ಮರಿ ಬುಡ್ಡಿ, ಮತ್ತು ಅದರೊಳಗೆ ತಯಾರಾಗುವ ಮರಿ.

ಒಬೀಲಿಯದ ಬುಡ್ಡಿ ಮೇಲಕ್ಕೆ ಅಗಲವಾಗಿ, ಬಾಯಲ್ಲಿ ಒಂದು ಪುಟ್ಟ ಕುತ್ತಿಗೆ ಎದ್ದಿರುತ್ತದೆ, ಮಣ್ಣಿನ ಹೂಜಿಯ ಹಾಗೆ. ಕ್ಲೈಟಿಯ ಹೆಮಿಸ್ಫೇರಿಕದ ಬುಡ್ಡಿಗೆ ಸುತ್ತಲೂ ಅಲೆಯಲೆ ಬಳೆ, ಬಾಯಿ ಕತ್ತರಿಸಿಟ್ಟ ಹಾಗೆ ಚಪ್ಪಟೆ. ಕ್ಲೈಟಿಯ ಗ್ರಾಸಿಲಿಸ್‌ನ ಬುಡ್ಡಿ ನುಣುಪು, ಅದರ ಬಟ್ಟಲ ಹಲ್ಲುಗಳು ಚೂಪು, ಒಂದು ಕಡೆಗೆ ಸ್ವಲ್ಪ ವಾಲಿದಂತಿರುತ್ತವೆ. ಹೆಮಿಸ್ಫೇರಿಕದ ಹಲ್ಲುಗಳು ಮೊಂಡು. ನಮ್ಮ ಬಿಸಿ ನೀರಿನಲ್ಲಿರುವ ಕ್ಲೈಟಿಯ ಲೀನಿಯಾರಿಸ್‌ಗೆ ಹಲ್ಲಿನಿಂದ ಕೆಳಕ್ಕೆ ಬಟ್ಟಲ ಗೋಡೆಯಲ್ಲೇ ಸೀರೆ ನೆರಿಗೆಯಂಥ ಮಡಿಕೆ.

ಒಳಗಿನ ಮರಿಯಂತೂ ಇನ್ನೂ ಸ್ಪಷ್ಟ. ಒಬೀಲಿಯ ಬಿಡುವುದು ತಟ್ಟೆಯಂಥ ಲೋಳೆಮೀನು ಮರಿ, ಅಂಚಿಗೆ ಆಗಲೇ ತುಂಬ ಟೆಂಟಕಲ್, ಒಳಅಂಚಿನ ಪರದೆ ಇಲ್ಲವೆನ್ನುವಷ್ಟು ಸಣ್ಣದು. ಕ್ಲೈಟಿಯದ ಮರಿ ಉರುಟು ಗಂಟೆ, ಸಾಮಾನ್ಯವಾಗಿ ನಾಲ್ಕೇ ಟೆಂಟಕಲ್, ಪರದೆ ಚೊಕ್ಕವಾಗಿದೆ. ಲಾವೊಮೆಡಿಯ ಲೋಳೆಮೀನನ್ನೇ ಬಿಡುವುದಿಲ್ಲ, ಬುಡ್ಡಿಯೊಳಗೇ ಲಾರ್ವ ಬೆಳೆಸಿ ಹೊರಗೆ ಕಳಿಸುತ್ತದೆ. ಗೊನೊಥೈರಿಯದಲ್ಲಿ ಲೋಳೆಮೀನಿನಂಥ ಚೀಲ ಬುಡ್ಡಿಯ ಬಾಯಲ್ಲೇ ನೇತಾಡುತ್ತದೆ, ಬಿಟ್ಟು ಹೋಗುವುದಿಲ್ಲ. ಬರೀ ಬಟ್ಟಲು, ಕಾಂಡ ಇಟ್ಟುಕೊಂಡು ಲಾವೊಮೆಡಿಯ, ಒಬೀಲಿಯ, ಗೊನೊಥೈರಿಯ ಇವನ್ನು ಬೇರೆ ಮಾಡಲು ಹೊರಟರೆ ಅನುಭವಸ್ಥರೂ ಎಡವುತ್ತಾರೆ. ಇದಕ್ಕೊಂದು ತಮಾಷೆಯ ಮಗ್ಗುಲೂ ಇದೆ. ಕುಲ ಹೇಳಲು ಇಷ್ಟು ಸಹಾಯ ಮಾಡುವ ಒಬೀಲಿಯದ ಲೋಳೆಮೀನು ಪ್ರಭೇದ ಹೇಳಲು ಏನೂ ಉಪಯೋಗಕ್ಕೆ ಬರುವುದಿಲ್ಲ. ಎಲ್ಲ ಒಬೀಲಿಯಗಳ ಮರಿಗಳೂ ಒಂದೇ ಥರ. ಪ್ಲಾಂಕ್ಟನ್ ಎಣಿಸುವವರು 'ಒಬೀಲಿಯ' ಎಂದು ಬರೆದು ಅಲ್ಲಿಗೇ ಪೆನ್ನು ಇಡುತ್ತಾರೆ.

ನಿಮ್ಮ ಐದನೇ ಫೋಟೋದ ಮೂಲೆಯಲ್ಲಿ ಒಂದು ಬುಡ್ಡಿ ಇದೆ. ಖಾಲಿ, ಆದರೆ ಕುತ್ತಿಗೆ ಕಾಣುತ್ತದೆ, ಕಾಂಡಕ್ಕೇ ಕೂಡಿದೆ. ಅಲ್ಲಿಗೆ ಕಾಂಡದ ಪ್ರಾಣಿ ಒಬೀಲಿಯದ ಕಡೆಗೇ ತೂಗುತ್ತದೆ. ಹಲ್ಲಿನ ಬಾಡಿಗೆದಾರನ ಬುಡ್ಡಿ ಆರರಲ್ಲಿ ಯಾವ ಫೋಟೋದಲ್ಲೂ ಇಲ್ಲ. ಅದು ತೊಟ್ಟಿನ ಮೇಲಾದರೂ ಇರಬಹುದು, ತೆವಳುವ ನೂಲಿನ ಮೇಲಾದರೂ ಇರಬಹುದು. ಬಾಟಲಿಯ ತಳದಲ್ಲಿ ಉದುರಿದ್ದನ್ನೂ ಪೆಟ್ರಿ ತಟ್ಟೆಗೆ ಸುರಿದು ಹುಡುಕಿ.

ಇನ್ನು ಡಿಎನ್‌ಎ. ಇದೇ ಕೊನೆಯ ಮಾತು ಅನ್ನುವ ನಂಬಿಕೆ ಈಚೆಗೆ ಜಾಸ್ತಿಯಾಗಿದೆ. ಬೆಂಗಳೂರಿನಲ್ಲಂತೂ ಸ್ಯಾಂಪಲ್ ಕೊಟ್ಟರೆ ಓದಿಕೊಡುವ ಲ್ಯಾಬ್‌ಗಳಿಗೆ ಬರವಿಲ್ಲ. ಆದರೆ ನಿಮ್ಮ ಬಾಟಲಿಯ ಮಟ್ಟಿಗೆ ನನ್ನ ಸಲಹೆ: ದುಡ್ಡು ಸುರಿಯಬೇಡಿ. ಫಾರ್ಮಲಿನ್ ಡಿಎನ್‌ಎಯನ್ನು ತುಂಡು ಮಾಡುತ್ತದೆ, ಪ್ರೋಟೀನಿಗೆ ಹೊಲಿದುಬಿಡುತ್ತದೆ. ಅದರಿಂದ ಒಳ್ಳೆಯ ಓದು ಸಿಗುವುದು ಅಪರೂಪ. ಸಿಕ್ಕರೂ ಯಾರದ್ದು? ಒಂದು ಹಿಡಿಯಲ್ಲಿ ಒಬೀಲಿಯ ಇದೆ, ಕ್ಲೈಟಿಯ ಇದೆ, ಅವುಗಳನ್ನು ಮೇಯುವ ಕಡಲ ಬಸವನಹುಳುವಿನ ಮೊಟ್ಟೆ ಇರಬಹುದು, ಪಾಲಿಪ್ ಹೊಟ್ಟೆಯಲ್ಲಿ ನಿನ್ನೆಯ ಊಟ ಇರಬಹುದು.

ಹೊಸದಾಗಿ ತಂದು ಎಥನಾಲ್‌ನಲ್ಲಿಟ್ಟರೆ ಮಾತು ಬೇರೆ. ಹೈಡ್ರಾಯ್ಡ್‌ಗಳಿಗೆ ಸಾಮಾನ್ಯವಾಗಿ ಓದಿಸುವುದು ಮೈಟೊಕಾಂಡ್ರಿಯದ 16ಎಸ್ ಜೀನಿನ ಸುಮಾರು 600 ಅಕ್ಷರ. ಅದನ್ನು ಜಗತ್ತಿನ ಸಾರ್ವಜನಿಕ ಭಂಡಾರದಲ್ಲಿರುವ ಓದುಗಳ ಜೊತೆ ಹೋಲಿಸುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಆ ಭಂಡಾರದಲ್ಲಿರುವ ಹೆಸರನ್ನೂ ಯಾರೋ ಮೈಕ್ರೋಸ್ಕೋಪಿನಲ್ಲಿ ನೋಡಿಯೇ ಇಟ್ಟಿರುತ್ತಾರೆ. ಅವರು ಬುಡ ನೋಡದೆ ಇಟ್ಟಿದ್ದರೆ ನಿಮಗೂ ಅದೇ ತಪ್ಪು ಹೆಸರು ಬರುತ್ತದೆ, ಅದೂ ಶೇಕಡ 99 ಅನ್ನುವ ಠೀವಿಯಲ್ಲಿ.

ಇನ್ನೊಂದು ತೊಡಕು, ಒಂದೇ ಹೆಸರಿನ ಕೆಳಗೆ ಅಡಗಿರುವ ಹಲವು ಪ್ರಭೇದಗಳು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೇರೆ ಬೇರೆ ಸಮುದ್ರಗಳ ಒಬೀಲಿಯ ಜೆನಿಕ್ಯುಲೇಟದ ಡಿಎನ್‌ಎ ನೋಡಿತು. ಉತ್ತರ ಅಟ್ಲಾಂಟಿಕ್, ಜಪಾನ್, ನ್ಯೂಜಿಲೆಂಡ್ ಮೂರೂ ಕಡೆಯವು ಬೇರೆ ಬೇರೆ ವಂಶಗಳಾಗಿ ನಿಂತವು. ಕಣ್ಣಿಗೆ ಎಲ್ಲಕ್ಕೂ ಅದೇ ಮೊಣಕಾಲು! 'ಸಾವಿಲ್ಲದ ಲೋಳೆಮೀನು' ಅಂತ ವಾಟ್ಸ್ಆ್ಯಪ್‌ನಲ್ಲಿ ಓಡಾಡುವ ಟರಿಟಾಪ್ಸಿಸ್ ಕಥೆಯೂ ಇದೇ. ವರ್ಷಗಟ್ಟಲೆ ಎಲ್ಲರೂ ಅದನ್ನು ನ್ಯೂಟ್ರಿಕ್ಯುಲ ಎಂದೇ ಕರೆದರು. ಆಮೇಲೆ ನೋಡಿದರೆ ಆ ಹೆಸರಿನೊಳಗೆ ಹಲವು ಪ್ರಭೇದಗಳು. ಮುಪ್ಪಿನಿಂದ ಪಾಲಿಪ್‌ಗೆ ಮರಳುವ ಆ ಪ್ರಸಿದ್ಧ ಪ್ರಾಣಿ 1883ರಲ್ಲೇ ವೈಸ್ಮನ್ ಹೆಸರಿಟ್ಟಿದ್ದ ಡೋರ್ನಿ.

ನಮ್ಮ ಕರಾವಳಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ಹಳೆಯ ಹೆಸರುಗಳಲ್ಲಿ ಎಷ್ಟೋ ಯೂರೋಪಿನ ತಂಪು ನೀರಿನಲ್ಲಿ ಹೊಲಿದ ಕೋಟುಗಳು. ಅರಬ್ಬಿ ಸಮುದ್ರದ ಪ್ರಾಣಿಗೆ ಅದು ಹೊಂದಲೂಬಹುದು, ಬಿಗಿಯೂ ಆಗಬಹುದು. ಹಡಗಿನ ತಳಕ್ಕೆ ಅಂಟಿ ಊರೂರು ಸುತ್ತುವ ಪ್ರಾಣಿಗಳಾದ್ದರಿಂದ ನಿಜವಾಗಿಯೂ ಅದೇ ಆಗಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ. ಪ್ರಾಣಿ ಗುರುತಿಸಲು ಬಳಸುವ ಯೂರೋಪಿನ ಕೀಲಿ ಪುಸ್ತಕ ಒಂದನ್ನೇ ನೆಚ್ಚದೆ, ಟಿ. ಎ. ಮ್ಯಾಮ್ಮೆನ್ 1963ರಿಂದ 1965ರ ನಡುವೆ ದಕ್ಷಿಣ ಭಾರತದ ಹೈಡ್ರಾಯ್ಡ್‌ಗಳ ಮೇಲೆ ಬರೆದ ಮೂರು ಕಂತಿನ ಲೇಖನವನ್ನು ಪಕ್ಕದಲ್ಲಿಟ್ಟುಕೊಳ್ಳಿ. ಹೆಸರುಗಳು ಕೆಲವು ಹಳತಾಗಿವೆ, ಆದರೆ ನಮ್ಮ ನೀರಿನ ಪ್ರಾಣಿಗಳನ್ನು ನೋಡಿ ಬರೆದದ್ದು.

ಹಾಗಾದರೆ ನೀವೀಗ ಏನು ಮಾಡಬಹುದು? ತೀರಾ ಸುಲಭದ್ದು, ಇರುವ ಬಾಟಲಿಗೆ ಪ್ರಾಮಾಣಿಕ ಲೇಬಲ್. ಎರಡು ಪ್ರಾಣಿಗಳನ್ನು ಚಿಮಟದಿಂದ ಬಿಡಿಸಿ ಎರಡು ಬಾಟಲಿ ಮಾಡಿ. ಪೂರ್ತಿ ಬಿಡಿಸಲು ಹೋಗಿ ಚೂರು ಮಾಡಬೇಡಿ, ಕ್ಲೈಟಿಯ ಕೂತ ಒಂದು ಕವಲನ್ನು ಹಾಗೇ ಕತ್ತರಿಸಿ ತೆಗೆದರೆ ಸಾಕು. ಒಂದಕ್ಕೆ 'ಒಬೀಲಿಯ ಎಸ್‌ಪಿ.' ಅಂತ ಬರೆಯಿರಿ. ಕುಲ ಗೊತ್ತು, ಪ್ರಭೇದ ಹೇಳುತ್ತಿಲ್ಲ ಅಂತ ಅರ್ಥ. ಎಳೆಯ ಬಟ್ಟಲುಗಳು ನಿಜಕ್ಕೂ ನುಣುಪಾಗಿದ್ದು ಕವಲು ಅಡ್ಡಾದಿಡ್ಡಿಯಾಗಿದ್ದರೆ 'ಒಬೀಲಿಯ ಸಿಎಫ್. ಡೈಕೋಟೋಮ' ಎನ್ನಬಹುದು. ಡೈಕೋಟೋಮದ ಜೊತೆ ಹೋಲಿಸಿ ನೋಡಿ, ನನಗೆ ಖಾತ್ರಿಯಿಲ್ಲ ಅಂತ ಅದರ ಅರ್ಥ. ಇನ್ನೊಂದಕ್ಕೆ ಬುಡ್ಡಿ ಸಿಗುವವರೆಗೆ 'ಕ್ಲೈಟಿಯ ಎಸ್‌ಪಿ.' ಸಾಕು, ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರೂ ಯಾರೂ ನಗುವುದಿಲ್ಲ. ಇದರ ಅಪಾಯ ಒಂದೇ. ಪರೀಕ್ಷೆಗೆ ಬಂದ ಎಕ್ಸ್‌ಟರ್ನಲ್ 'ಪ್ರಭೇದ ಎಲ್ಲಿ?' ಎಂದು ಹುಬ್ಬು ಹಾರಿಸಬಹುದು. ಹಾರಿಸಲಿ ಬಿಡಿ. ತಪ್ಪು ಹೆಸರು ಒಮ್ಮೆ ಪಟ್ಟಿ ಸೇರಿದರೆ ಅಲ್ಲಿಂದ ಇನ್ನೊಂದು ಪಟ್ಟಿಗೆ, ಅಲ್ಲಿಂದ ಪಠ್ಯಕ್ಕೆ ಹೋಗುತ್ತದೆ, ವಾಪಸ್ ಕರೆಸುವುದು ಕಷ್ಟ.

ಎರಡನೆಯದು, ಮುಂದಿನ ಟೂರಿನಲ್ಲಿ ಸರಿಯಾಗಿ ತರುವುದು. ಮಳೆಗಾಲದಲ್ಲಿ ಕಾಳಿ ನದಿಯ ಸಿಹಿನೀರು ಅಳಿವೆಗೆ ತುಂಬುವುದರಿಂದ ಆಗ ಹೋಗಬೇಡಿ, ಡಿಸೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯದು. ಕಿತ್ತ ಗುಚ್ಛವನ್ನು ಕೂಡಲೇ ಫಾರ್ಮಲಿನ್‌ಗೆ ಹಾಕಬೇಡಿ. ಅದೇ ಸಮುದ್ರದ ನೀರಿನಲ್ಲಿ, ಅಗಲ ಬಟ್ಟಲಿನಲ್ಲಿ, ನೆರಳಿನಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಪಕ್ಕದಿಂದ ಟಾರ್ಚ್ ಬಿಟ್ಟು ನೋಡಿದರೆ ಸಾಸಿವೆಗಿಂತ ಚಿಕ್ಕ ಲೋಳೆಮೀನುಗಳು ಪಟಪಟ ಅನ್ನುತ್ತಿರಬಹುದು. ಆಗ ಮಕ್ಕಳ ಮುಖ ನೋಡಬೇಕು! ತಟ್ಟೆಯೋ ಗಂಟೆಯೋ, ನಾಲ್ಕು ಟೆಂಟಕಲ್ಲೋ ಹಲವೋ, ಅಲ್ಲೇ ಎಣಿಸಿ ಬರೆದುಕೊಳ್ಳಿ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಮೊದಲೇ ಪತ್ರ ಬರೆದು ಮೈಕ್ರೋಸ್ಕೋಪಿನ ಮುಂದೆ ಒಂದು ಜಾಗ ಕೇಳಿ ನೋಡಿ.

ಆಮೇಲೆ ಪಾಲಿಪ್‌ಗಳು ಅರಳಿರುವಾಗ ಮೆಗ್ನೀಸಿಯಂ ಕ್ಲೋರೈಡ್‌ನಿಂದ ಮಂಪರು ಬರಿಸಿ. ಲೀಟರ್ ಸಿಹಿನೀರಿಗೆ ಸುಮಾರು 75 ಗ್ರಾಂ ಹರಳು ಕರಗಿಸಿ, ಅದಕ್ಕೆ ಸಮ ಪಾಲು ಸಮುದ್ರದ ನೀರು ಸೇರಿಸಿ. ಸೂಜಿ ಮುಟ್ಟಿಸಿದರೂ ಮುದುಡದಿದ್ದಾಗ ಅರ್ಧ ಭಾಗವನ್ನು ಒಂದು ಪಾಲು ಫಾರ್ಮಲಿನ್, ಒಂಬತ್ತು ಪಾಲು ಸಮುದ್ರದ ನೀರಿಗೆ ಹಾಕಿ. ಇನ್ನರ್ಧವನ್ನು 95 ಪರ್ಸೆಂಟ್ ಅಥವಾ ಅದಕ್ಕೂ ಗಟ್ಟಿ ಎಥನಾಲ್‌ಗೆ ಹಾಕಿ, ಮಾರನೆಯ ದಿನ ಎಥನಾಲ್ ಬದಲಿಸಿ. ಎರಡೂ ಒಂದೇ ಕವಲಿನ ಭಾಗಗಳಾಗಿರಲಿ, ಇಲ್ಲದಿದ್ದರೆ ಡಿಎನ್‌ಎ ಒಬ್ಬರದ್ದು, ಚಿತ್ರ ಇನ್ನೊಬ್ಬರದ್ದು ಆಗುತ್ತದೆ. ಜೀವಂತ ತಂದು ಬೆಂಗಳೂರಿನಲ್ಲಿ ಸಾಕೋಣ ಅನ್ನುವ ಆಸೆಯೂ ಬರುತ್ತದೆ, ನನಗೂ ಬಂದಿತ್ತು. ರಾತ್ರಿ ರೈಲಿನಲ್ಲಿ ಬಕೆಟ್ ನೀರು ಬಿಸಿಯಾಗಿ, ಪಾಲಿಪ್‌ಗಳೆಲ್ಲ ಕರಗಿ, ಯಶವಂತಪುರದಲ್ಲಿ ಇಳಿಯುವಾಗ ಬರೀ ಖಾಲಿ ಬಟ್ಟಲುಗಳಿದ್ದವು.

ಕೀಳುವ ಮೊದಲು ಒಂದು ಮಾತು. ಬೆಂಕಿ ಹವಳ ಅನ್ನುವ ಮಿಲ್ಲೆಪೊರ ನೋಡಲು ಹವಳವಾದರೂ ಹೈಡ್ರಾಯ್ಡ್‌ಗಳ ನೆಂಟ. ವನ್ಯಜೀವಿ ಕಾಯ್ದೆಯ ರಕ್ಷಣೆ ಅದಕ್ಕಿದೆ, ಕಡಲ ಬೀಸಣಿಗೆಗಳಿಗೂ ಇದೆ. ಧಕ್ಕೆಯ ಹಗ್ಗ ಸಾಕು, ನೇತ್ರಾಣಿ ದ್ವೀಪದ ಬಂಡೆಗಳಿಗೆ ಕೈ ಹಾಕುವುದು ಬೇಡ.

ಮೂರನೆಯ ದಾರಿ, ಪರಿಣತರಿಗೆ ಕಳಿಸುವುದು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಕಡಲ ಜೀವಶಾಸ್ತ್ರ ಕೇಂದ್ರ ಚೆನ್ನೈನಲ್ಲಿದೆ. ಕಳಿಸುವುದಾದರೆ ಜಾಗ, ದಿನಾಂಕ, ಆಳ, ಯಾವುದರ ಮೇಲೆ ಬೆಳೆದಿತ್ತು ಇಷ್ಟೂ ಇರಬೇಕು. ಪೆನ್ಸಿಲಿನಲ್ಲಿ ಗಟ್ಟಿ ಕಾಗದದ ಮೇಲೆ ಬರೆದು ಬಾಟಲಿಯ ಒಳಗೇ ಹಾಕಿ. ಬಾಲ್‌ಪೆನ್ನಿನ ಶಾಯಿ ಸ್ಪಿರಿಟ್‌ನಲ್ಲಿ ಕರಗಿ ಹೋಗುತ್ತದೆ. ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು, ಈ ಕೆಲಸ ಮಾಡುವವರು ದೇಶದಲ್ಲಿ ಬೆರಳೆಣಿಕೆಯಷ್ಟು ಜನ.

ಹಲ್ಲಿನ ಬಟ್ಟಲಿನ ಬುಡ ಮತ್ತು ಬಾಯಿ ಕಡೆಯಿಂದ ತೆಗೆದ ಅಂಚು, ಈ ಎರಡು ಫೋಟೋ ನನಗೆ ಕಳಿಸಿ. ಬುಡ ಹುಡುಕುವ ಕೆಲಸ ಆ ವಿದ್ಯಾರ್ಥಿನಿಗೇ ಕೊಡಿ, ಹಟ ಇರುವವರಿಗೆ ಅದು ಬೇಗ ಸಿಗುತ್ತದೆ. ಹಳೆಯ ಸ್ಲೈಡಿಗೆ ಮೊಣಕಾಲು ಇಲ್ಲವೆಂದಾದರೂ ಅದರ ಲೇಬಲ್ ಕೀಳಬೇಡಿ. ಪಕ್ಕದಲ್ಲಿ ಇನ್ನೊಂದು ಅಂಟಿಸಿ, ಅದರ ಮೇಲೆ ಹೊಸ ಹೆಸರು, ನೋಡಿದವರ ಹೆಸರು, ತಾರೀಖು ಬರೆಯಿರಿ.